ಕ್ರಿಸ್‌ಮಸ್ ರೀತ್ ಮನ್ಯಾಗ ಕಟ್ಟೂದು: ಎರಡ ದಿನಕ್ಕ ಬಾಡಿ ಸಡ್ಲ ಆಗತೈತಿ, ಏನ್ ಮಾಡಬೇಕು?

ಕೇಶ್ವಾಪುರ_ಮೆಟ್ಟಲಾ

ಎಲ್ಲಾರಿಗೂ ನಮಸ್ಕಾರ್ರಿ. ಬಾಗಲಿಗೆ ಹಾಕೂ ಕ್ರಿಸ್‌ಮಸ್ ರೀತ್, ಅಂದ್ರ ತಪ್ಪಲದ ದುಂಡನ ಹಾರ, ಈ ಸಲ ಪ್ಲಾಸ್ಟಿಕ್‌ದು ಬ್ಯಾಡ, ಹಸಿ ತಪ್ಪಲಾ ತಂದು ಮನ್ಯಾಗ ಕಟ್ಟಬೇಕು ಅಂತ ಐತಿ. ಒಂದು ಸಣ್ಣದು ಕಟ್ಟಿ ನೋಡಿದ್ದಾತು. 10 ಗೇಜಿನ ತಂತಿ ದುಂಡಗ ಬಗ್ಗಿಸಿ, ಅದಕ್ಕ ಮಾವಿನ ತಪ್ಪಲಾ, ಅಶೋಕದ ತಪ್ಪಲಾ ದಾರದಿಂದ ಕಟ್ಟಿದ್ದು. ಮೂರು ತೊಂದರಿ ಆದವು. ತಪ್ಪಲಾ ತಂತಿ ಮ್ಯಾಲ ತಿರಗಿ ಎಲ್ಲಾ ಕೆಳಗ ಜೋತು ಬಿದ್ವು. ಎರಡನೇ ದಿನಕ್ಕ ಎಲಿ ಮುದುಡಿ ಸುರುಳಿ ಆಗಿ ದಾರ ಸಡ್ಲ ಆತು. ಕೆಂಪು ಬಣ್ಣಕ್ಕ ಅಂತ ಹಚ್ಚಿದ್ದ ಗುಲಾಬಿ ಒಂದ ಮಧ್ಯಾನ್ನಕ್ಕ ಕರ್ರಗಾದ್ವು.

ಬಾಗಲಾ ಪಶ್ಚಿಮಕ್ಕ ಮುಖಾ ಐತಿ, ಮಧ್ಯಾನ್ನ 3ರ ಮ್ಯಾಲ ನೆಟ್ಟಗ ಬಿಸಲು ಬಡಿತೈತಿ. ಅಗಲ 90 ಸೆಂಟಿಮೀಟರ್. ಮುಂದ ಕಬ್ಬಿಣದ ಗ್ರಿಲ್ ಬಾಗಲಾ ಬ್ಯಾರೆ ಐತಿ. ಡಿಸೆಂಬರ್ 20ಕ್ಕ ಹಾಕಿದ್ದು ಹೊಸಾ ವರ್ಷದ ತನಕಾ ಆದ್ರೂ ನಿಲ್ಲಬೇಕು. ರಿಂಗ್ ಹ್ಯಾಂಗ ಮಾಡ್ಲಿ, ಯಾವ ತಪ್ಪಲಾ ತರ್ಲಿ, ಹೊರದೇಶದಾಗ ಹಚ್ಚೂ ಆ ಕೆಂಪು ಹಣ್ಣಿನ ಬದಲಿ ಇಲ್ಲೇನು ಹಚ್ಚಬೇಕು? ಗೊತ್ತಿದ್ದವರು ಅಳತಿ ಸಹಿತ ಹೇಳ್ರಿ.

ಬೆಟಗೇರಿ_ಇಕ್ಕಳ

ಮೊದಲ ರಿಂಗ್ ಸರಿ ಮಾಡ್ಕೋರಿ. ಒಂದ ಎಳಿ ತಂತಿ ದುಂಡಗ, ನುಣ್ಣಗ ಇರತೈತಿ, ಹಿಡತ ಇಲ್ಲ. ತಪ್ಪಲದ ಭಾರ ಎಲ್ಲಾ ಮುಂದಿನ ಮಗ್ಗಲಕ್ಕ ಇರೂದ್ರಿಂದ ಅದು ತಿರಗಿ ಕೆಳಗ ಮುಖಾ ಮಾಡೇ ಮಾಡತೈತಿ. ದಾರ ಎಷ್ಟ ಬಿಗದ್ರೂ ಇದು ತಪ್ಪಂಗಿಲ್ಲ.

ಎರಡು ರಿಂಗ್ ಬೇಕು, ಒಂದರೊಳಗ ಒಂದು. 90 ಸೆಂಟಿಮೀಟರ್ ಬಾಗಲಿಗೆ ಹೊರಗಿನ ರಿಂಗ್ 35, ಒಳಗಿನದು 25 ಸೆಂಟಿಮೀಟರ್ ಅಡ್ಡಳತಿ ಇರ್ಲಿ. ಸುತ್ತಲೂ ತಪ್ಪಲದ ತುದಿ 7-8 ಸೆಂಟಿಮೀಟರ್ ಹೊರಗ ಬರತಾವ, ಹಿಂಗಾಗಿ ಕಟ್ಟಿ ಮುಗದಾಗ 50 ಆಗತೈತಿ. ಬಾಗಲದ ಅಗಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಕಣ್ಣಿಗೆ ಸರಿ ಕಾಣೂ ಅಳತಿ. 8 ಗೇಜಿನ ಜಿಐ (ಸತುವಿನ ಲೇಪ ಇದ್ದ ಕಬ್ಬಿಣದ) ತಂತಿ ತಗೋರಿ, ಅದು 4 ಮಿಲಿಮೀಟರ್ ದಪ್ಪ. ಹೊರಗಿನದಕ್ಕ 118, ಒಳಗಿನದಕ್ಕ 87 ಸೆಂಟಿಮೀಟರ್ ಕತ್ತರಸ್ರಿ. ಇದರಾಗ 8 ಸೆಂಟಿಮೀಟರ್ ತುದಿ ಮ್ಯಾಲ ತುದಿ ಕೂಡಸಾಕ ಹೋಗತೈತಿ. ಎರಡೂ ಕೂಡಿ ಸುಮಾರು 2 ಮೀಟರ್, ತೂಕ 200 ಗ್ರಾಂ. ಗೇಜ್ ಸಂಖ್ಯಾ ಹೆಚ್ಚಾದಷ್ಟು ತಂತಿ ತೆಳ್ಳಗ, ಹಿಂಗಾಗಿ ನಿಮ್ಮ 10 ಗೇಜ್ ತಂತಿ ಹಸಿ ತಪ್ಪಲದ ಭಾರಕ್ಕ ಜಗ್ಗಿ ತತ್ತಿ ಆಕಾರ ಆಗತೈತಿ.

ಬಗ್ಗಿಸೂವಾಗ ಒಂದ ಮಾತು. ತಂತಿ ಕೈ ಬಿಟ್ಟ ಕೂಡ್ಲೆ ಹಿಂದಕ್ಕ ಸಿಡಿದು ದೊಡ್ಡದಾಗತೈತಿ. 35ರ ರಿಂಗ್ ಬೇಕಂದ್ರ 30ರ ಬಕೀಟಿನ ಸುತ್ತ ಬಗ್ಗಸ್ರಿ, ಆಮ್ಯಾಲ ನೆಲದ ಮ್ಯಾಲ ಸುಣ್ಣದ ಕಡ್ಡೀಲೆ ಬರದ ಗೆರಿಗೆ ಇಟ್ಟು ಕೈಲೆ ಸ್ವಲ್ಪ ಬಿಚ್ರಿ. ಎರಡೂ ರಿಂಗ್ ನಡುವ 5 ಸೆಂಟಿಮೀಟರ್ ಅಂತರ ಬಿಟ್ಟು ಆರು ಕಡೆ ಅಡ್ಡ ತಂತಿ ಕಟ್ರಿ. ಆಮ್ಯಾಲ ಹಳೇ ಗೋಣಿಚೀಲದ 4 ಸೆಂಟಿಮೀಟರ್ ಅಗಲದ ಪಟ್ಟಿ ಎಲ್ಲಾ ಕಡೆ ಸುತ್ರಿ. ಕಡ್ಡಿ ಜಾರದಂಗ ಹಿಡಿಯೂದು ಈ ಗೋಣಿನ.

ಕಟ್ಟಾಕ ದಾರ ಬಿಡ್ರಿ. ತಪ್ಪಲಾ ಒಣಗಿದ್ಹಂಗ ಕಡ್ಡಿ ಸೊರಗತೈತಿ, ದಾರ ಅದರ ಜೋಡಿ ಬಿಗಿ ಆಗೂದಿಲ್ಲ. ಕಟ್ಟಡಕ್ಕ ಹಾಕೂ ಬೈಂಡಿಂಗ್ ವೈರ್ ಮೆತ್ತಗ ಇರತೈತಿ ಖರೆ, ಆದ್ರ ನೀರು ತಾಗಿದ್ರ ತುಕ್ಕು ಹಿಡದು ಬಾಗಲದ ಮ್ಯಾಲ ಕಂದು ಗೆರಿ ಇಳಿಸತೈತಿ. ಮೋಟಾರ್ ವೈಂಡಿಂಗ್ ಅಂಗಡ್ಯಾಗ 24 ಗೇಜಿನ ತಾಮ್ರದ ತಂತಿ ಕೇಳ್ರಿ. ತುಕ್ಕು ಹಿಡಿಯಂಗಿಲ್ಲ, ಎಳದಷ್ಟು ಬಿಗಿತೈತಿ, ಬೆರಳು ಕೊಯ್ಯಂಗಿಲ್ಲ.

ಇನ್ನ ಕಟ್ಟೂ ಕೈ. 15 ಸೆಂಟಿಮೀಟರ್ ಉದ್ದದ ಐದಾರು ಟೊಂಗಿ ಕೂಡಿಸಿ ಒಂದೊಂದು ಸಣ್ಣ ಸಿವುಡು ಮಾಡ್ಕೋರಿ, ಬುಡ ಎಲ್ಲಾ ಒಂದ ಸಮ ಇರ್ಲಿ. ಅಂಥಾವು 20 ಮೊದಲ ಮಾಡಿ ಸಾಲಾಗಿ ಇಟ್ಕೋರಿ, ಕಟ್ಟತಾ ಕಟ್ಟತಾ ಮಾಡಿದ್ರ ಒಂದು ದಪ್ಪ, ಒಂದು ತೆಳ್ಳಗ ಆಗತಾವ. ತಂತಿ ರಿಂಗಿಗೆ ಒಮ್ಮೆ ಕಟ್ಟಿದ ಮ್ಯಾಲ ಕೊನೀ ತನಕಾ ಕತ್ತರಸಬ್ಯಾಡ್ರಿ. ಸಿವುಡು ಇಟ್ಟು, ಬುಡದಿಂದ 3 ಸೆಂಟಿಮೀಟರ್ ಮ್ಯಾಲ ಮೂರು ಸುತ್ತು ಎಳದು ಸುತ್ರಿ. ಮುಂದಿನ ಸಿವುಡಿನ ತಲಿ ಈ ಕಟ್ಟು ಮುಚ್ಚೂ ಹಂಗ ಬರಬೇಕು, 5 ಸೆಂಟಿಮೀಟರಿಗೆ ಒಂದು. ಒಂದು ಒಳಮಗ್ಗಲಕ್ಕ ವಾಲಿಸಿದ್ರ ಇನ್ನೊಂದು ಹೊರಮಗ್ಗಲಕ್ಕ ವಾಲಸ್ರಿ, ಆದ್ರ ಎಲ್ಲಾದರ ತಲಿ ಒಂದೇ ದಿಕ್ಕಿಗೆ ಇರ್ಲಿ. 10 ಮೀಟರ್ ತಂತಿ ಸಾಕು.

ಕಡೀ ಸಿವುಡಿನ್ಯಾಗ ಎಲ್ಲಾರೂ ಎಡವತಾರ. ಮೊದಲನೇ ಸಿವುಡಿನ ತಲಿ ಎಡಗೈಲೆ ಪೂರ್ತಿ ಹಿಂದಕ್ಕ ಎತ್ತಿ ಹಿಡೀರಿ. ಅದರ ಕೆಳಗ ಕಡೀದರ ಬುಡ ತುರಕಿ, ಬಲಗೈಲೆ ತಂತಿ ಒಳಗಿಂದ ತಗದು ಮೂರು ಸುತ್ತು ಬಿಗೀರಿ. ಈಗ ಎಡಗೈ ಬಿಟ್ರ ಮೊದಲನೇದು ಬಿದ್ದು ಕಟ್ಟು ಮುಚ್ಚತೈತಿ, ಎಲ್ಲಿ ಸುರು ಎಲ್ಲಿ ಮುಗೀತು ಗೊತ್ತಾಗೂದಿಲ್ಲ. ತಂತಿಯ ತುದಿ ಹಿಂದಗಡೆ ಗೋಣಿಯೊಳಗ ಮಡಚಿ ಒತ್ರಿ, ಇಲ್ಲಂದ್ರ ಬಾಗಲದ ಪಾಲಿಶ್ ಗೀರತೈತಿ.

ಸಪ್ತಾಪುರ_ತೋಟ

ಮಾವಿನ ಎಲಿ ತೋರಣಕ್ಕ ಚಂದ, ಆದ್ರ ರೀತ್‌ಗೆ ಆಗೂದಿಲ್ಲ. ಅಗಲ ಎಲಿ, ಟೊಂಗಿ ಕಡದ ಮ್ಯಾಲೂ ಅದರಿಂದ ನೀರು ಹಾರತಾನ ಇರತದ. ನಮ್ಮ ಕಡೆ ಡಿಸೆಂಬರ್‌ದಾಗ ಮೂಡಗಾಳಿ ಒಣಾ ಒಣಾ ಬೀಸತದ, ಹೊರದೇಶದ ಥಂಡಿ ಹಸಿ ಹವಾ ಇಲ್ಲಿಲ್ಲ. ಅಲ್ಲಿ ಫರ್ ಅನ್ನೋ ಗಿಡದ ಟೊಂಗಿ ತಿಂಗಳು ನಿಲ್ಲೂದು ನೋಡಿ ಇಲ್ಲಿ ಅದನ್ನ ಅಪೇಕ್ಷಾ ಮಾಡಬಾರದು. ನೀರು ಕಡಿಮಿ ಬಿಡೂ ಎಲಿ ಆರಸೂದೊಂದ ದಾರಿ.

ಮೊದಲನೇ ಆಯ್ಕೆ ಥೂಜಾ, ನರ್ಸರಿಯವರು ಮೋರಪಂಖಿ ಅಂತಾರ. ಎಲಿ ಹುರುಪಿ ಹಂಗ ಕಡ್ಡಿಗೆ ಅಂಟಿಕೊಂಡಿರತದ, ಒಣಗಿದ್ರೂ ಉದರೂದಿಲ್ಲ, ಆಕಾರ ಬಿಡೂದಿಲ್ಲ. ಹಸಿರು ಹೋಗಿ ಸ್ವಲ್ಪ ಕಂದು ಆಗತದ ಅಷ್ಟ. ಎರಡು ವಾರ ಭರೋಸದಲೆ ನಿಲ್ಲತದ. ಎರಡನೇದು ನೀಲಗಿರಿ, ಬೂದುಹಸಿರು ಬಣ್ಣ, ವಾಸನಿನೂ ಚಲೋ. ಎಳೇ ಚಿಗುರು ತರಬ್ಯಾಡ್ರಿ, ಅದು ಮೊದಲ ಬಾಡತದ, ಬಲತ ಎಲಿನ ಬೇಕು. ಸರ್ವೆ ಗಿಡದ ಟೊಂಗಿ ನೋಡಾಕ ಪೈನ್ ಹಂಗ ಕಾಣತದ ಅಂತ ಭಾಳ ಮಂದಿ ತರತಾರ. ಅದರ ಕಡ್ಡಿ ಗೆಣ್ಣು ಗೆಣ್ಣು ಕೂಡಿ ಆಗಿರತದ, ಒಣಗಿದ್ರ ಪ್ರತಿ ಗೆಣ್ಣಿಗೂ ಮುರದು ಮೆಟ್ಟಲ ತುಂಬ ಉದರತದ. ನಾಲ್ಕೈದು ದಿನಕ್ಕಾದ್ರ ಹಾಕ್ರಿ, ಎರಡು ವಾರಕ್ಕ ಬ್ಯಾಡ. ಅದರ ಸಣ್ಣ ಕಾಯಿ ಮಾತ್ರ ಆರಿಸಿ ಇಟ್ಕೋರಿ, ಅಲಂಕಾರಕ್ಕ ಭಾಳ ಚಂದ. ಸಿಲ್ವರ್ ಓಕ್ ಎಲಿ ಹಿಂದಿನ ಮಗ್ಗಲ ಬೆಳ್ಳಿ ಬಣ್ಣ, ನಾಲ್ಕೈದು ಅಲ್ಲಲ್ಲಿ ಉಲ್ಟಾ ಕಟ್ಟಿದ್ರ ಹಿಮಾ ಬಿದ್ಹಂಗ ಕಾಣತದ.

20 ಸಿವುಡಿಗೆ ಕಸರು ಹಿಡದು ಒಂದೂವರಿ ಕಿಲೋ ತಪ್ಪಲಾ ಬೇಕು. ಥೂಜಾ 1 ಕಿಲೋ, ನೀಲಗಿರಿ ಅರ್ಧ. ರಸ್ತೆ ಬದಿ ಗಿಡಕ್ಕ ಕೈ ಹಚ್ಚಬ್ಯಾಡ್ರಿ, ಅದು ತಪ್ಪು. ನರ್ಸರ್ಯಾಗ, ದೊಡ್ಡ ಕಂಪೌಂಡ್ ಇದ್ದ ಮನ್ಯಾಗ ಥೂಜಾ ಕಟಿಂಗ್ ಮಾಡಿ ಒಗಿಯೂದನ್ನ ಕೇಳಿದ್ರ ಕೊಡತಾರ.

ತಂದ ಮ್ಯಾಲ ಮಾಡೂ ಕೆಲಸಾನ ಅದರ ಆಯುಷ್ಯ. ಸಂಜೀಕ ಕಡೀರಿ, ಬಿಸಲಾಗ ಅಲ್ಲ. ಪ್ರತಿ ಟೊಂಗಿಯ ಬುಡ ಮತ್ತ 2 ಸೆಂಟಿಮೀಟರ್ ಓರೆ ಕೊಯ್ದು, ದಪ್ಪ ಇದ್ದದ್ದನ್ನ ಕಲ್ಲಲೆ ಮೆಲ್ಲಗ ಜಜ್ಜಿ, ಬಕೀಟಿನ ನೀರಾಗ 12 ತಾಸು ನೆರಳಿನ್ಯಾಗ ಇಡ್ರಿ. ನೀರಾಗ ಮುಳಗೂ ಎಲಿ ತಗದುಬಿಡ್ರಿ, ಕೊಳತು ವಾಸನಿ ಬರತದ. 18ಕ್ಕ ಕಡದು, 19ಕ್ಕ ಕಟ್ಟಿ, 20ಕ್ಕ ಹಾಕ್ರಿ.

ವ್ಯಾಳ್ಯಾ ಇದ್ರ ನೀಲಗಿರಿಗೆ ಗ್ಲಿಸರಿನ್ ಕುಡಸ್ರಿ. ಮೆಡಿಕಲ್ ಅಂಗಡಿಯ ಗ್ಲಿಸರಿನ್ ಒಂದು ಪಾಲು, ಬಿಸಿನೀರು ಎರಡು ಪಾಲು, 10 ಸೆಂಟಿಮೀಟರ್ ಆಳ. ಎರಡು ಮೂರು ವಾರ ನಿಲ್ಲಸಿದ್ರ ಎಲ್ಯಾಗಿನ ನೀರಿನ ಜಾಗಾದಾಗ ಗ್ಲಿಸರಿನ್ ತುಂಬಿ, ಎಲಿ ಮೆತ್ತಗ ಚರ್ಮದ ಹಂಗ ಉಳೀತದ, ವರ್ಷಗಟ್ಲೆ ಕೆಡೂದಿಲ್ಲ. ಎಲಿ ತುದಿಯಿಂದ ಎಣ್ಣಿ ಹನಿ ಬರಾಕ ಹತ್ತಿದ್ರ ಕುಡದದ್ದು ಸಾಕಾತು ಅಂತ ಅರ್ಥ, ಆವಾಗ ತಗೀರಿ.

ಹಾವೇರಿ_ಸಂತಿ

ಕೆಂಪು ಹಣ್ಣಿನ ಬದಲಿ ಹುಡಕಾಕ ಎಲ್ಲೀ ಹೋಗಬ್ಯಾಡ್ರಿ, ಬ್ಯಾಡಗಿ ಮೆಣಸಿನಕಾಯಿ ಐತಿ. 2011ರಾಗ ಜಿಐ (ಭೌಗೋಳಿಕ ಗುರುತು) ಮಾನ್ಯತಾ ಸಿಕ್ಕ ಕಾಯಿ, ಖಾರ ಕಡಿಮಿ, ಬಣ್ಣ ಹೆಚ್ಚು. ಕಡ್ಡಿ ಅಂತ ಒಂದು ಜಾತಿ, ಉದ್ದ, ತೆಳ್ಳಗ. ಡಬ್ಬಿ ಅಂತ ಇನ್ನೊಂದು, ಗಿಡ್ಡ, ದುಂಡಗ. ರೀತ್‌ಗೆ ಡಬ್ಬಿ ಬೇಕು, ದೂರದಿಂದ ಹಣ್ಣಿನ ಗೊಂಚಲ ಹಂಗ ಕಾಣತೈತಿ. ಏಳರ ಐದು ಗೊಂಚಲ ಅಂದ್ರ 35 ಕಾಯಿ, 100 ಗ್ರಾಂ ಕೊಂಡ್ರ ಧಾರಾಳ. ಎಲ್ಲಾದಕ್ಕೂ ತೊಟ್ಟು ಇದ್ದದ್ದನ್ನ ಆರಿಸಿ ತಗೋರಿ, ತೊಟ್ಟು ಮುರದದ್ದು ಕಟ್ಟಾಕ ಬರಂಗಿಲ್ಲ.

ಒಣಾ ಹವಾದಾಗ ತೊಟ್ಟು ಚಟ್ಟನ ಮುರೀತೈತಿ. ಹಿಂಡಿದ ಒದ್ದಿ ಅರಿವ್ಯಾಗ 15 ನಿಮಿಷ ಸುತ್ತಿಟ್ಟು ಆಮ್ಯಾಲ ಕೆಲಸಾ ಸುರು ಮಾಡ್ರಿ. ಏಳು ಕಾಯಿಯ ತೊಟ್ಟು ಕೂಡಿಸಿ ಅದೇ ತಾಮ್ರದ ತಂತಿ ನಾಲ್ಕು ಸುತ್ತು ಹಾಕ್ರಿ, ಕಾಯಿಯೊಳಗ ಸೂಜಿ ಹಾಕಬ್ಯಾಡ್ರಿ, ಸೀಳತೈತಿ. ಆಮ್ಯಾಲ ಗೊಂಚಲನ್ನ ನೇರ ರಿಂಗಿಗೆ ಕಟ್ಟಬ್ಯಾಡ್ರಿ. ತೆಂಗಿನ ಕಸಬರಗಿಯ ಎರಡು ಕಡ್ಡಿ ಜೋಡಿಸಿ 12 ಸೆಂಟಿಮೀಟರಿಗೆ ಕತ್ತರಿಸಿ, ಅದರ ತುದಿಗೆ ಗೊಂಚಲ ಕಟ್ಟಿ, ರೀತ್‌ನೊಳಗ ಓರೆ ಚುಚ್ರಿ. ಯಾಕಂದ್ರ ತಪ್ಪಲಕ್ಕ ನೀರು ಬೇಕು, ಮೆಣಸಿನಕಾಯಿಗೆ ನೀರು ಆಗಂಗಿಲ್ಲ, ಎರಡ ದಿನದಾಗ ತೊಟ್ಟಿನ ಸುತ್ತ ಬೂಷ್ಟು ಬರತೈತಿ. ಚುಚ್ಚಿದ್ದಾದ್ರ ಎಲ್ಲಾ ಕಿತ್ತು ಬಾಜೂಕ ಇಡೂದು, ರೀತ್‌ಗೆ ನೀರು ಕುಡಿಸೂದು, ಮತ್ತ ಚುಚ್ಚೂದು.

ಪಶ್ಚಿಮದ ಬಿಸಲು ಅಂದ್ರಿ, ಅಲ್ಲಿ ಕಾಯಿಯ ಕೆಂಪು ದಿನಾ ಸ್ವಲ್ಪ ಸ್ವಲ್ಪ ಬಿಳಚಿಕೊಳ್ಳತೈತಿ. ವಾರ್ನಿಶ್ ಹೊಡದ್ರ ಹೊಳಪು ಬರತೈತಿ, ಬಣ್ಣ ಉಳಿಯಂಗಿಲ್ಲ, ಬೆಳಕು ಅದರೊಳಗಿಂದನ ಹೋಗತೈತಿ. ಅದಕ್ಕ 10 ದಿನದ ಮ್ಯಾಲ ಹಚ್ಚಾಕ ಇನ್ನೆರಡು ಗೊಂಚಲ ಕಟ್ಟಿ ಡಬ್ಬ್ಯಾಗ ಮುಚ್ಚಿ ಇಡ್ರಿ. ಕೆಲಸಾ ಮುಗದ ಕೂಡ್ಲೆ ಕೈಗೆ ಎಣ್ಣಿ ಹಚ್ಚಿ ಒರಸಿ ಆಮ್ಯಾಲ ಸಾಬಣ್ಲೆ ತೊಳೀರಿ. ಸಣ್ಣ ಹುಡುಗರ ಕೈಗೆ ಸಿಗದಷ್ಟು ಎತ್ತರ ಇರ್ಲಿ, ಕಣ್ಣು ಉಜ್ಜಿಕೊಂಡ್ರ ಭಾಳ ತ್ರಾಸು.

ಬಿಳೀದಕ್ಕ ಹತ್ತಿ. ಈ ದಿನದಾಗ ಹೊಲದಾಗ ಬಿಡಿಸೂ ಕೆಲಸ ನಡದಿರತೈತಿ, ರೈತರಿಗೆ ಕೇಳಿದ್ರ ಅರಳಿದ ಕಾಯಿ ಕಡ್ಡಿ ಸಹಿತ ಕೊಡತಾರ. ಕಂದು ಸಿಪ್ಪಿ ನಾಲ್ಕೈದು ಎಸಳಾಗಿ ಬಿಚ್ಚಿ, ನಡುವ ಬೆಳ್ಳನ ಅರಳಿ. ಎಷ್ಟ ಚಂದ ಅಂದ್ರ ಬ್ಯಾರೆ ಹೂವು ಬೇಕಾಗಂಗಿಲ್ಲ. ಏಳು ಕಾಯಿ ಸಾಕು. ಒಳಗ ಗುಲಾಬಿ ಕಾಯಿಕೊರಕ ಹುಳ ಇರಬಹುದು, ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಫ್ರೀಜರ್‌ದಾಗ ಮೂರು ದಿನ ಇಟ್ಟು ತಗೀರಿ. ಹಾವೇರಿ ಯಾಲಕ್ಕಿ ಹಾರದ ಊರು, ಹಿಂಗಾಗಿ ಯಾಲಕ್ಕಿಯ ಐದೆಸಳಿನ ಹೂವು ಮಾಡಿ ಹಚ್ಚಾಕೂ ಬರತೈತಿ, ಆದ್ರ ಮನಿ ಒಳಗಿನ ಬಾಗಲಿಗೆ ಮಾತ್ರ.

ಒಂದು ಗಟ್ಟಿ ಮಾತು: ಗುಲಗಂಜಿ ಕೆಂಪಗ ಚಂದ ಐತಿ ಅಂತ ಯಾರೂ ಹಚ್ಚಬ್ಯಾಡ್ರಿ. ತೂತು ಮಾಡಿದ ಅಥವಾ ಅಗದ ಒಂದು ಕಾಳು ಹೊಟ್ಟಿಗೆ ಹೋದ್ರೂ ಜೀವಕ್ಕ ಅಪಾಯ. ಕಣಗಲ ತಪ್ಪಲಾನೂ ವಿಷನ.

ರಿಂಗ್ ಬಗ್ಗೆ ಬೆಟಗೇರಿಯವರು ಹೇಳಿದ್ದಕ್ಕ ಇನ್ನೊಂದು ಕೂಡಸ್ತೀನಿ. ತಂತಿ ಬ್ಯಾಡಂದ್ರ ಭತ್ತದ ಹುಲ್ಲಿನ ದೊಡ್ಡ ಸಿಂಬಿ ಮಾಡ್ರಿ, ಕೊಡದ ಕೆಳಗ ಇಡೂ ಸಿಂಬಿ ಹಂಗ. 4-5 ಸೆಂಟಿಮೀಟರ್ ದಪ್ಪ, 3 ಸೆಂಟಿಮೀಟರಿಗೊಮ್ಮೆ ಸುತಳಿ ಬಿಗೀರಿ. ತುರುಬಿಗೆ ಹಾಕೂ ಯು ಪಿನ್ನಿನಿಂದ ತಪ್ಪಲಾ ಚುಚ್ಚಿದ್ರ ಮುಗೀತು, ತಂತೀನ ಬ್ಯಾಡ.

ಬೆಟಗೇರಿ_ಇಕ್ಕಳ

ಹುಲ್ಲಿನ ಸಿಂಬಿ ಒಣಾ ಸಾಮಾನಿಗೆ ಒಪ್ಪಿದೆ. ಹತ್ತಿ, ಮೆಣಸಿನಕಾಯಿ, ಗ್ಲಿಸರಿನ್ ಕುಡದ ನೀಲಗಿರಿ ಇಷ್ಟ ಹಾಕೂದಿದ್ರ ಅದು ನನ್ನ ತಂತಿಗಿಂತ ಚಲೋ. ಆದ್ರ ಹಸಿ ತಪ್ಪಲಕ್ಕ ನೀರು ಕೊಡಬೇಕಾಗತೈತಿ, ಹುಲ್ಲು ನೆನದ್ರ ಒಳಗ ಬೂಷ್ಟು ಹಿಡದು, ಒಣಗಿದಾಗ ಸಡ್ಲ ಆಗಿ ಪಿನ್ನು ಉದರತಾವ. ಇವರಿಗೆ ತಂತಿನ ಇರ್ಲಿ.

ಕೇಶ್ವಾಪುರ_ಮೆಟ್ಟಲಾ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಇನ್ನ ಮೂರು ಕೇಳತೀನಿ. ಕಾಯಿ, ಹತ್ತಿ ಗ್ಲೂ ಗನ್‌ನಿಂದ ಅಂಟಿಸಿದ್ರ ಆಗಂಗಿಲ್ಲೇನು? ಗ್ರಿಲ್‌ಗೆ ಹಾಕ್ಲೋ ಕಟಗಿ ಬಾಗಲಿಗೋ? ಮತ್ತ ಅಡ್ವೆಂಟ್ ಅಂತ ಟೇಬಲ್ ಮ್ಯಾಲ ನಾಕು ಮೇಣದಬತ್ತಿ ಇಡೂ ರೀತ್ ಇರತೈತೆಲ್ಲ, ಅದಕ್ಕ ಇದೇ ರಿಂಗ್ ನಡೀತೈತೆ?

ಸಪ್ತಾಪುರ_ತೋಟ

ಗ್ಲೂ ಬ್ಯಾಡ. ಹಸಿ ಕಡ್ಡಿಗೆ ಅದು ಹಿಡಿಯೂದ ಇಲ್ಲ, ಒಣಾದಕ್ಕ ಹಿಡದ್ರೂ ಪಶ್ಚಿಮದ ಬಿಸಲಿಗೆ ಕಾದ ಕಬ್ಬಿಣದ ಗ್ರಿಲ್ ಮ್ಯಾಲ ಮೆತ್ತಗಾಗಿ ಜಾರತದ. ಮ್ಯಾಲಾಗಿ ಹಾವೇರಿಯವರು ಹೇಳಿದ ಹಂಗ ಕಿತ್ತು ನೀರು ಕೊಡಾಕ ಬರೂದಿಲ್ಲ.

ನೀರು ಹಿಂಗ ಕೊಡ್ರಿ. ಮೂರು ದಿನಕ್ಕೊಮ್ಮೆ ರಾತ್ರಿ ಅಲಂಕಾರ ಎಲ್ಲಾ ಕಿತ್ತು, ರೀತ್ ಬಚ್ಚಲದಾಗ ಅಗಲ ಟಬ್‌ನ್ಯಾಗ ಹಿಂದಿನ ಮಗ್ಗಲ ಕೆಳಗ ಮಾಡಿ 3 ಸೆಂಟಿಮೀಟರ್ ನೀರಾಗ ಅರ್ಧ ತಾಸು ಬಿಡ್ರಿ. ಗೋಣಿ ನೀರು ಹೀರಿಕೊಂಡು ಬುಡಕ್ಕ ಕೊಡತದ. ಆಮ್ಯಾಲ ನಿಲ್ಲಿಸಿ ನೀರು ಪೂರ್ತಿ ಸೋರಿದ ಮ್ಯಾಲ ಮುಂಜಾನೆ ಹಾಕ್ರಿ. ಮುಂದಿನಿಂದ ಸ್ಪ್ರೇ ಹೊಡಿಯೂದ್ರಿಂದ ಎಲಿ ಮ್ಯಾಗಿನ ಧೂಳ ಹೋಗತದ, ಬಾಯಾರಿಕಿ ಹೋಗೂದಿಲ್ಲ.

ಹಾಕೂದು ಗ್ರಿಲ್‌ಗೇನ. ಕಟಗಿ ಬಾಗಲಕ್ಕೂ ಗ್ರಿಲ್‌ಗೂ ನಡುವ ಇರೂ ಸಂದಿಯೊಳಗ 12 ಸೆಂಟಿಮೀಟರ್ ದಪ್ಪದ ರೀತ್ ಜಜ್ಜಿ ಹೋಗತದ. ಎರಡು ಕಡೆ ಕಟ್ರಿ, ಮ್ಯಾಲ ಒಂದು, ಕೆಳಗ ಒಂದು, ಕಟ್ಟು ರಿಂಗಿನ ತಂತಿಗೆ ಬರಬೇಕು, ತಪ್ಪಲಕ್ಕಲ್ಲ. ಒಂದ ಕಡೆ ಕಟ್ಟಿದ್ರ ಬಾಗಲಾ ತಗದು ಹಾಕಿದಾಗೊಮ್ಮೆ ತೂಗಾಡಿ ಕಾಯಿ ಮುರೀತಾವ.

ರಿಬ್ಬನ್ ಕೇಳಲಿಲ್ಲ, ಆದ್ರೂ ಹೇಳತೀನಿ. ಗುಳೇದಗುಡ್ಡದ ಖಣದ ಕೆಂಪು ಬಟ್ಟಿ, 6 ಸೆಂಟಿಮೀಟರ್ ಅಗಲ, 2 ಮೀಟರ್ ಉದ್ದ ಕತ್ತರಿಸಿ ಬೋ ಕಟ್ರಿ. ನಾಕು ಮಡಿಕಿ, ಒಂದೊಂದು 12 ಸೆಂಟಿಮೀಟರ್, ಉಳದದ್ದು ಎರಡು ಬಾಲ. ಸ್ಯಾಟಿನ್ ಅಂಚು ದೀಪಕ್ಕ ಹಿಡದ್ರ ಕರಗಿ ಕೂಡತದ, ಖಣ ಹಂಗ ಮಾಡಿದ್ರ ಸುಡತದ. ಅದಕ್ಕ ಅಂಚು ಮಡಚಿ ಹೊಲಿಗಿ ಹಾಕಬೇಕು.

ಧಾರವಾಡ_ಗಂಟಿ

ಅಡ್ವೆಂಟ್ ರೀತ್ ಬಗ್ಗೆ. ರಿಂಗ್ ಅದೇ ನಡೀತದ, ಕಟ್ಟೂ ರೀತಿ ಬ್ಯಾರೆ. ಇದು ಮಲಗಿರೂದು, ಹಿಂಗಾಗಿ ತಪ್ಪಲಾ ಹಿಂದಗಡೆ ಬ್ಯಾಡ, ಮ್ಯಾಲ ಮತ್ತು ಎರಡೂ ಮಗ್ಗಲ ಸಾಕು, 12 ಸಿವುಡು. ಕ್ರಿಸ್‌ಮಸ್‌ಗಿಂತ ಹಿಂದಿನ ನಾಲ್ಕು ಭಾನುವಾರ, ಭಾನುವಾರಕ್ಕೊಂದು ಬತ್ತಿ. ರೂಢಿಯೊಳಗ ಮೂರು ನೇರಳೆ, ಒಂದು ಗುಲಾಬಿ ಬಣ್ಣ, ಗುಲಾಬಿದು ಮೂರನೇ ಭಾನುವಾರಕ್ಕ. ನಡುವ ಬಿಳೀದು ಇಟ್ಟವರು ಅದನ್ನ ಕ್ರಿಸ್‌ಮಸ್‌ಕ್ಕ ಹಚ್ಚತಾರ. ಮೊದಲ ಭಾನುವಾರ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವ ಬರತದ, ಅಂದ್ರ ನಾಲ್ಕು ವಾರ ಆತು. ಎರಡನೇ ವಾರ ಮುಗದಾಗ ತಪ್ಪಲಾ ಒಮ್ಮೆ ಬದಲಸ್ಬೇಕಾಗತದ.

ಇದರ ಮೂಲ 1839ರಾಗ ಜರ್ಮನಿಯ ಹ್ಯಾಂಬರ್ಗ್. ಯೋಹಾನ್ ಹಿನ್ರಿಖ್ ವಿಖೆರ್ನ್ ಅನ್ನೋ ಪಾದ್ರಿ ತಮ್ಮ ಆಶ್ರಮದ ಹುಡುಗರಿಗೆ ಕ್ರಿಸ್‌ಮಸ್ ಎಷ್ಟ ದಿನ ಉಳೀತು ಅಂತ ಎಣಿಸಾಕ ಬಂಡಿ ಗಾಲಿ ಮ್ಯಾಲ ಮೇಣದಬತ್ತಿ ನಿಲ್ಲಸಿದ್ರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥಾ ಬಾಸೆಲ್ ಮಿಷನ್‌ನವರು ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ ಅದೇ 1839ರಾಗ ಬಂದವರು. ಈ ರೀತ್ ಸುರುವಾದದ್ದು, ಅವರು ಹುಬ್ಬಳ್ಳಿಗೆ ಬಂದದ್ದು ಎರಡೂ ಒಂದ ವರ್ಷದ್ದು ಅನ್ನೂದು ನೆನಪಿಡಾಕ ಸುಲಭ.

ಬೆಂಕಿ ವಿಷಯ ಗಮನ ಇರ್ಲಿ. ಟೇಬಲ್ ರೀತ್‌ಗೆ ಥೂಜಾ ಮಾತ್ರ, ಅದೂ ಹಸೀದು. ನೀಲಗಿರ್ಯಾಗ ಎಣ್ಣಿ ಇರತದ, ಒಣಗಿದ ಎಲಿ ಭರ್ರನ ಹತ್ತತದ. ಹತ್ತಿ ಅಂತೂ ಬತ್ತಿಗೆ ಹಾಕೂ ಸಾಮಾನು. ಸ್ಟೀಲ್ ಪರಾತದಾಗ ಮರಳು ಹಾಕಿ, ಅದರಾಗ ಬತ್ತಿ ನೆಟ್ಟು, ಸುತ್ತ ರೀತ್ ಇಡ್ರಿ. ಹಂಗಂದ್ರ ಬತ್ತಿ ರಿಂಗಿನೊಳಗ ನಿಲ್ಲತಾವ, ತಪ್ಪಲದೊಳಗಲ್ಲ. 2 ಸೆಂಟಿಮೀಟರ್ ದಪ್ಪ, 20 ಉದ್ದದ ಬತ್ತಿ, ಜ್ವಾಲಿಗೂ ತಪ್ಪಲಕ್ಕೂ 5 ಸೆಂಟಿಮೀಟರ್ ಉಳದಾಗ ಹೊಸಾದು. ಪ್ರಾರ್ಥನಾ ಮುಗದ ಕೂಡ್ಲೆ ಆರಸ್ರಿ, ಫ್ಯಾನ್ ಕೆಳಗ ಇಡಬ್ಯಾಡ್ರಿ. ಬಾಗಲಾ ರೀತ್‌ಗೆ ಬೆಳಕು ಬೇಕಂದ್ರ ಬ್ಯಾಟರಿಯ ಎಲ್‌ಇಡಿ ಸರ, ಸೆಲ್ ಡಬ್ಬಿ ಹಿಂದ ಕಟ್ಟಿ, ನೀರು ಕೊಡೂವಾಗ ಬಿಚ್ಚೂ ಹಂಗ ಇರ್ಲಿ.

ಕೇಶ್ವಾಪುರ_ಮೆಟ್ಟಲಾ

ಎಲ್ಲಾ ಬರಕೊಂಡೆ. ಕಡೀದೊಂದು: ತಾಮ್ರದ ತಂತಿ ಅಂಗಡ್ಯಾಗ ಮೀಟರ್ ಲೆಕ್ಕದಾಗ ಕೊಡಂಗಿಲ್ಲ ಅಂತಾರ, ತೂಕದ ಮ್ಯಾಲ ಎಷ್ಟ ಕೇಳ್ಲಿ?

ಬೆಟಗೇರಿ_ಇಕ್ಕಳ

24 ಗೇಜ್ ತಾಮ್ರ ಮೀಟರಿಗೆ ಸುಮಾರು 2.2 ಗ್ರಾಂ. ರೀತ್‌ಗೆ 10 ಮೀಟರ್ ಅಂದ್ರ 22 ಗ್ರಾಂ, ಗೊಂಚಲ ಕಟ್ಟಾಕ ಇನ್ನ 3 ಮೀಟರ್. 50 ಗ್ರಾಂ ತಗೋರಿ, ಟೇಬಲ್‌ದಕ್ಕೂ ಸಾಕಾಗತೈತಿ. ಹೊಸಾದನ್ನ ಕೇಳ್ರಿ, ಸುಟ್ಟ ಮೋಟಾರಿನಿಂದ ಬಿಚ್ಚಿದ್ದು ಬ್ಯಾಡ, ಅದು ಎರಡ ಸುತ್ತಿಗೆ ತುಂಡಾಗತೈತಿ.